ಅಬಾಯಾದೊಳಗಿನ ಪಿಸ್ತೂಲು

ದೋಹಾದಲ್ಲಿ ನಾನು ಹೆಂಗಸರಿಗೆ ಪಿಸ್ತೂಲು ಹೊಡೆಯಲು ಕಲಿಸುತ್ತಿದ್ದೆ ಎಂದರೆ ಜನ ಇವತ್ತಿಗೂ ನನ್ನ ಮುಖ ನೋಡುತ್ತಾರೆ. ಗಲ್ಫಿಗೆ ಹೋದ ಹೆಂಗಸು ಎಂದರೆ ನರ್ಸ್ ಆಗಿರಬೇಕು, ಟೀಚರ್ ಆಗಿರಬೇಕು, ಇಲ್ಲವೇ ಗಂಡನ ವೀಸಾದಲ್ಲಿ ಹೋಗಿ ಮನೆ ನೋಡಿಕೊಂಡಿರಬೇಕು. ನಾನೂ ಗಂಡನ ವೀಸಾದಲ್ಲೇ ಹೋದವಳು. ಅವರು ಕಟ್ಟಡ ಕಟ್ಟುವ ಕಂಪನಿಯೊಂದರ ಆಫೀಸಿನಲ್ಲಿದ್ದರು. ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಆದರೆ ನಾವು ಕೊಡವರು, ಅಪ್ಪ ಸೈನ್ಯದಲ್ಲಿದ್ದವರು. ನಾನು ಬೆಳೆದದ್ದು ಒಂದು ಕಂಟೋನ್ಮೆಂಟಿನಿಂದ ಇನ್ನೊಂದಕ್ಕೆ ಟ್ರಂಕು ಸಾಗಿಸುತ್ತ. ಓದುವಾಗ ರಾಜ್ಯಮಟ್ಟದ ಶೂಟಿಂಗ್‌ನಲ್ಲಿ ಪದಕ ಗೆದ್ದಿದ್ದೆ. ದೋಹಾದ ಹೊರಗಿನ ಶೂಟಿಂಗ್ ಕ್ಲಬ್ಬೊಂದು ಹೆಂಗಸರಿಗೆಂದೇ ಬೇರೆ ರೇಂಜ್ ತೆರೆದು, ಕಲಿಸಲು ಹೆಂಗಸೇ ಬೇಕೆಂದು ಹುಡುಕುತ್ತಿದ್ದಾಗ ಆ ಪದಕಗಳು ಕೆಲಸಕ್ಕೆ ಬಂದವು.

ನನಗೆ ಅರಬ್ಬಿ ಬರುತ್ತಿರಲಿಲ್ಲ. ಅದಕ್ಕೆಂದು ಕ್ಲಬ್ಬಿನವರು ಒಬ್ಬ ದುಭಾಷಿಯನ್ನು ಕೊಟ್ಟರು. ದಕ್ಷಿಣ ಕನ್ನಡದ ಬ್ಯಾರಿ ಮನೆತನದ ಹುಡುಗಿ, ಇಪ್ಪತ್ತೈದರ ಆಸುಪಾಸು. ಅವಳ ತಂದೆ ಬಹಳ ವರ್ಷದಿಂದ ಪೇಟೆಯ ಮುಶೈರಿಬ್‌ನಲ್ಲಿ ಅಬಾಯಾ, ಅಂದರೆ ಅಲ್ಲಿನ ಹೆಂಗಸರು ತೊಡುವ ಕಪ್ಪು ನಿಲುವಂಗಿ, ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದರು. ಹುಟ್ಟಿ ಬೆಳೆದದ್ದೆಲ್ಲ ದೋಹಾದಲ್ಲೇ ಆದ್ದರಿಂದ ಅರಬ್ಬಿ ಅವಳ ನಾಲಗೆಯ ಮೇಲೆ ನೀರು ಹರಿದಂತೆ ಹರಿಯುತ್ತಿತ್ತು. ಕನ್ನಡ ಮಾತ್ರ ಸ್ವಲ್ಪ ತಡೆತಡೆದು, ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಕಲಿತದ್ದು. ಮೊದಲ ದಿನವೇ ನನ್ನನ್ನು ‘ಅಕ್ಕ’ ಎಂದಳು. ಆ ಮರಳಿನ ನಡುವೆ ಕನ್ನಡದಲ್ಲಿ ಅಕ್ಕ ಎನ್ನುವವಳು ಸಿಕ್ಕಳಲ್ಲ ಎಂದು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಆ ವಾರವೇ ಅವಳನ್ನು ಮನೆಗೆ ಕರೆದು ಕಡುಬು ಮಾಡಿ ಬಡಿಸಿದೆ.

ಮೊದಲ ವರ್ಷ ಹೀಗೇ ನಡೆಯಿತು. ನಾನು ಹೇಳುವುದು, ಅವಳು ಅರಬ್ಬಿಯಲ್ಲಿ ದಾಟಿಸುವುದು. ದಾಟಿಸುತ್ತ ದಾಟಿಸುತ್ತ ಅವಳಿಗೇ ಪಿಸ್ತೂಲಿನ ಹುಚ್ಚು ಹಿಡಿಯಿತು. ಕ್ಲಾಸು ಮುಗಿದ ಮೇಲೆ “ಅಕ್ಕ, ನನಗೊಮ್ಮೆ ಕೊಡಿ” ಎಂದು ನಿಲ್ಲುತ್ತಿದ್ದಳು. ನಾನೇ ಕಲಿಸಿದೆ. ಕಾಲು ಎಷ್ಟು ಅಗಲಿಸಬೇಕು, ಉಸಿರು ಎಲ್ಲಿ ತಡೆಯಬೇಕು, ಬೆರಳಿನ ಯಾವ ಭಾಗ ಟ್ರಿಗರ್ ಮೇಲೆ ಕೂರಬೇಕು, ಎಲ್ಲ. ಚೆನ್ನಾಗಿ ಕಲಿತಳು. ಅವಳ ಗುರಿಯ ಕಾಗದವನ್ನು ನಾನೇ ಗೋಡೆಗೆ ಅಂಟಿಸಿದ್ದೆ.

ಆಮೇಲೆ ಒಂದು ದೊಡ್ಡ ಮನೆತನದ ಯಜಮಾನಿ ಕ್ಲಬ್ಬಿಗೆ ಬರತೊಡಗಿದರು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ತಮ್ಮ ಮನೆಯ ಹೆಣ್ಣುಮಕ್ಕಳ ಜತೆ ಮದುವೆಗೆ, ಮಾರುಕಟ್ಟೆಗೆ ಹೋಗಲು ಅವರು ಕಾವಲಿನ ಹೆಂಗಸರನ್ನು ನೇಮಿಸಿದ್ದರು. ಸುಡಾನಿನವರು, ಮೊರೊಕ್ಕೊದವರು, ಜೋರ್ಡಾನಿನವರು. ಪಿಸ್ತೂಲು ಇಟ್ಟುಕೊಳ್ಳಲು ಆ ಹೆಂಗಸರಿಗೆ ಸರಕಾರದಿಂದ ವಿಶೇಷ ಅನುಮತಿ ಸಿಕ್ಕಿತ್ತು. ಯಾರಿಗೂ ಕಾಣದಂತೆ ಅಬಾಯಾದೊಳಗೆ ಇಟ್ಟುಕೊಳ್ಳುವಂಥ ಸಣ್ಣ ಪಿಸ್ತೂಲು ಬೇಕು, ಅದರಲ್ಲಿ ಅವರಿಗೆ ತರಬೇತಿ ಕೊಡಬೇಕು, ಇದು ಮೇಡಂ ಬೇಡಿಕೆ. ವ್ಯಾಪಾರಿಯೊಬ್ಬ ಕೆಲವು ಮಾದರಿಗಳನ್ನು ತಂದು ಮೇಜಿನ ಮೇಲೆ ಹರಡಿದ.

ಅದರಲ್ಲಿ ಒಂದರ ಮೇಲೆ ನನ್ನ ಕಣ್ಣು ನಿಂತಿತು. ಅದು ಅಪ್ಪನ ಪಿಸ್ತೂಲು.

ಅಪ್ಪನದೇ ಅಲ್ಲ, ಅದೇ ಜಾತಿಯದು. ಅಂಗೈಯಗಲದ ಪುಟ್ಟ ಉಕ್ಕಿನ ಪಿಸ್ತೂಲು, ಮೂಲೆಗಳೆಲ್ಲ ಸಾಬೂನು ತೇದಂತೆ ನುಣ್ಣಗೆ, ಹಿಂದುಗಡೆ ಚಿಕ್ಕ ಕೊಂಬಿನಂತೆ ನಿಂತ, ಗುಂಡು ಹಾರಿಸಲು ಬಡಿಯುವ ಹ್ಯಾಮರ್. ಅದನ್ನು ಮಾಡುವುದು ನಿಂತು ಎಷ್ಟೋ ವರ್ಷವಾಗಿತ್ತು; ಈಗ ಬೇರೊಂದು ಕಂಪನಿ ಹಳೆಯ ನಕ್ಷೆಯನ್ನೇ ಹಿಡಿದು ಮತ್ತೆ ಮಾಡಲು ಶುರುಮಾಡಿತ್ತು. ಕ್ಲಬ್ಬಿಗೆ ಬರುವ ಶೂಟಿಂಗ್ ಪತ್ರಿಕೆಗಳಲ್ಲಿ ಆ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. ಹಳಬರು, ಹಳೆಯ ಉಕ್ಕಿನ ಕೆಲಸವೇ ಬೇರೆ, ಇದು ಬರೀ ನಕಲು ಎನ್ನುತ್ತಿದ್ದರು. ಹೊಸಬರು, ಇಷ್ಟು ಸಣ್ಣ ಗುಂಡಿಗೆ ಇಷ್ಟು ಭಾರದ ಪಿಸ್ತೂಲು ಯಾಕೆ, ಇದಕ್ಕಿಂತ ಹಗುರವಾದ ಪ್ಲಾಸ್ಟಿಕ್ ಮೈಯವು ಬಂದಿವೆಯಲ್ಲ ಎನ್ನುತ್ತಿದ್ದರು. ನಾನು ಎಲ್ಲವನ್ನೂ ಓದಿದ್ದೆ. ಓದಿ, ಯಾರೂ ಅದನ್ನು ನನ್ನಷ್ಟು ಬಲ್ಲವರಲ್ಲ ಎಂದುಕೊಂಡಿದ್ದೆ.

ಚಿಕ್ಕವಳಿದ್ದಾಗ ಅಪ್ಪ ಭಾನುವಾರ ಅದನ್ನು ಬಿಚ್ಚಿ, ಎಣ್ಣೆ ಒರೆಸಿ, ಮತ್ತೆ ಜೋಡಿಸುವಾಗ ಪಕ್ಕದಲ್ಲಿ ಕೂತು ಒಂದೊಂದೇ ಭಾಗ ಎತ್ತಿಕೊಡುವುದು ನನ್ನ ಕೆಲಸವಾಗಿತ್ತು. ಅಣ್ಣನಿಗೆ ಆಗ ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಆದರೂ ಅಪ್ಪ ಕಣ್ಣು ಮಂಜಾದಾಗ ಲೈಸೆನ್ಸು ಅಣ್ಣನ ಹೆಸರಿಗೆ ಮಾಡಿಸಿದರು. “ನಿನಗೆ ಮದುವೆಯಾಗಿದೆ, ಅಲ್ಲಿ ಇಲ್ಲಿ ತಿರುಗುವವಳು, ನಿನಗ್ಯಾಕಮ್ಮ” ಎಂದರು. ನಾನು ಆಗ ಏನೂ ಮಾತಾಡಲಿಲ್ಲ. ಅಣ್ಣನ ಮನೆಗೆ ಹೋದಾಗಲೆಲ್ಲ ಆ ಕಪಾಟಿನ ಕಡೆ ಕಣ್ಣು ಹೋಗುತ್ತಿತ್ತು, ಅಷ್ಟೇ.

ಮೇಡಂ ನನ್ನನ್ನು ಕೇಳಿದರು, ಇವುಗಳಲ್ಲಿ ಯಾವುದು ಒಳ್ಳೆಯದು ಎಂದು. ನಾನು ಆ ಪಿಸ್ತೂಲನ್ನು ಎತ್ತಿ ಹಿಡಿದು ಬಹಳ ಹೊತ್ತು ಮಾತಾಡಿದೆ. ಭಾರವಾಗಿದೆ ಎನ್ನುತ್ತಾರೆ, ಆ ಭಾರವೇ ಕೈಯನ್ನು ಸ್ಥಿರವಾಗಿಡುತ್ತದೆ. ನಳಿಗೆ ಅಲುಗಾಡದಂತೆ ಕೂತಿರುವುದರಿಂದ ಇಟ್ಟ ಗುರಿ ತಪ್ಪುವುದಿಲ್ಲ. ತೆಳ್ಳಗಿದೆ, ಬಟ್ಟೆಯೊಳಗೆ ಉಬ್ಬಿ ಕಾಣುವುದಿಲ್ಲ. ನಾನು ಹೇಳುವುದನ್ನು ನಮ್ಮ ಹುಡುಗಿ ಅರಬ್ಬಿಯಲ್ಲಿ ಹೇಳುತ್ತ ಹೋದಳು. ಆದರೆ ನಾನು ಮುಗಿಸಿದ ಮೇಲೂ ಅವಳು ಮುಗಿಸಲಿಲ್ಲ. ಇನ್ನೂ ಏನೋ ಹೇಳಿದಳು, ತನ್ನ ತೋಳನ್ನು ಮಡಿಸಿ ತೋರಿಸಿದಳು, ಮೇಡಂ ಗಟ್ಟಿಯಾಗಿ ನಕ್ಕರು. ನಕ್ಕು ಅವಳ ಕೆನ್ನೆ ತಟ್ಟಿದರು. ನನ್ನ ಕಡೆ ಅವರು ಒಂದು ಸಲ ತಲೆಯಾಡಿಸಿದರು, ಅಷ್ಟೇ.

ಕಾರಿನ ಹತ್ತಿರ ಬಂದ ಮೇಲೆ ಕೇಳಿದೆ. “ಏನು ಹೇಳಿದೆ ನೀನು ಅವರಿಗೆ?”

“ನೀವು ಹೇಳಿದ್ದನ್ನೇ ಹೇಳಿದ್ದು ಅಕ್ಕ. ಮತ್ತೆ ನನ್ನದೂ ಸ್ವಲ್ಪ ಸೇರಿಸಿದೆ.”

“ನಿನ್ನದು ಏನು?”

“ಅದು ಬಟ್ಟೆಗೆ ಸಿಕ್ಕಿಕೊಳ್ತದೆ ಅಂತ ಹೇಳಿದೆ. ಹಿಂದೆ ಕೊಂಬಿನ ಹಾಗೆ ಉಂಟಲ್ಲ, ಅದು. ಮತ್ತೆ ಹೆಬ್ಬೆರಳಿನ ಬುಡದಲ್ಲಿ ಕಚ್ತದೆ ಅಂತಲೂ ಹೇಳಿದೆ.”

“ಹಿಡಿಯುವುದು ಸರಿಯಾಗಿದ್ದರೆ ಕಚ್ಚುವುದಿಲ್ಲ.”

“ನಿಮಗೆ ಕಚ್ಚುವುದಿಲ್ಲ ಅಕ್ಕ. ಆ ಹೆಂಗಸರಿಗೆ ಕಚ್ತದೆ.”

“ನಿನ್ನ ಅಭಿಪ್ರಾಯ ಅವರು ಕೇಳಿದ್ದರಾ?”

ಅವಳು ಕಾರಿನ ಬಾಗಿಲು ತೆರೆದಳು. ನಂತರ ಮೆಲ್ಲಗೆ, “ಕೇಳಿದರು ಅಕ್ಕ,” ಎಂದಳು.

ಆವತ್ತಿನಿಂದ ನನ್ನ ಮನಸ್ಸು ಕೆಟ್ಟಿತು. ಅವಳು ಬಾಯಿ ತೆರೆದಾಗಲೆಲ್ಲ ನನ್ನ ಮಾತಿನ ಎಷ್ಟು ಭಾಗ ಆಚೆ ದಾಟಿತು, ಎಷ್ಟು ಇವಳ ಕೈಯಲ್ಲೇ ಉಳಿಯಿತು ಎಂದು ಅಳೆಯುತ್ತಿದ್ದೆ. ಅರ್ಥವಾಗದ ಭಾಷೆಯಲ್ಲಿ ಎದುರಿಗೇ ಇಬ್ಬರು ನಗುತ್ತ ಮಾತಾಡುತ್ತಿದ್ದರೆ ಅದು ತನ್ನ ಬಗ್ಗೆಯೇ ಎನ್ನಿಸುತ್ತದೆ. ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರು ಟಿವಿಯಿಂದ ಕಣ್ಣು ತೆಗೆಯದೆ, “ಅವಳಿಗೆ ಕಲಿಸಿದ್ದು ನೀನೇ ಅಲ್ವಾ, ಹೆಮ್ಮೆ ಪಡು,” ಎಂದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ವಾರ ಪಿಸ್ತೂಲುಗಳನ್ನು ಪರೀಕ್ಷಿಸಿ ನೋಡುವುದೆಂದಾಯಿತು. ಅವಳು ತಂದೆಯ ಅಂಗಡಿಯಿಂದ ಎರಡು ಮೂರು ಬಗೆಯ ಅಬಾಯಾ ಹೊತ್ತು ತಂದಿದ್ದಳು. ನಾನು ದಿನವೂ ಪ್ಯಾಂಟು ಅಂಗಿ ತೊಟ್ಟೇ ಕಲಿಸುತ್ತಿದ್ದವಳು. ಅಬಾಯಾ ತೊಟ್ಟು ಸೊಂಟದಿಂದ ಪಿಸ್ತೂಲು ತೆಗೆಯುವ ಪ್ರಯೋಗ ಒಮ್ಮೆಯೂ ಮಾಡಿರಲಿಲ್ಲ. ಅವಳು ಒಂದನ್ನು ತೊಟ್ಟು, ಒಳಗೆ ಹೊಟ್ಟೆಗೆ ಕಟ್ಟಿದ ಪಟ್ಟಿಯಿಂದ ಖಾಲಿ ಪಿಸ್ತೂಲನ್ನು ಎಳೆದಳು. ಆ ಕೊಂಬು ರೇಷ್ಮೆಯ ಒಳಪದರಕ್ಕೆ ಸಿಕ್ಕಿ ಬಟ್ಟೆ ಪರ್ರೆಂದು ಹರಿಯಿತು. ಸುಡಾನಿನ ಹೆಂಗಸು ಎಳೆದಳು, ಅವಳದೂ ಸಿಕ್ಕಿತು. ಮೇಡಂ ನನ್ನ ಮುಖ ನೋಡಿದರು.

“ಗುಂಡು ಹೊಡೆದು ನೋಡೋಣ ಎನ್ನು,” ಎಂದು ಹುಡುಗಿಗೆ ಹೇಳಿದೆ.

ಅಲ್ಲಿ ಗೆದ್ದದ್ದು ನಾನು. ಆ ವ್ಯಾಪಾರಿ ತಂದ ಎಲ್ಲ ಪಿಸ್ತೂಲುಗಳಲ್ಲಿ ಹೊಡೆದು ತೋರಿಸಿದೆ. ಅಪ್ಪನ ಪಿಸ್ತೂಲಿನ ಗುಂಡುಗಳು ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿ ಬಿದ್ದವು. ಮೇಡಂ ತಾವೇ ಅದನ್ನು ಕೈಗೆ ತೆಗೆದುಕೊಂಡರು. ನಾನು ಅವರ ಬೆನ್ನ ಹಿಂದೆ ನಿಂತು, ಮಾತಿಲ್ಲದೆ, ಅವರ ಮಣಿಕಟ್ಟನ್ನು ಹಿಡಿದು ಸರಿಪಡಿಸಿದೆ. ಅವರು ಹೊಡೆದ ಮೊದಲ ಗುಂಡೇ ನಡುವಿಗೆ ಬಿತ್ತು. ಮಗುವಿನಂತೆ ಹಿಗ್ಗಿದರು. ನಮ್ಮ ಹುಡುಗಿ ಹೊಡೆದಾಗ ಮಾತ್ರ ಪಿಸ್ತೂಲಿನ ಮೇಲೆ ಜಾರುವ ಸ್ಲೈಡು ಹಿಂದೆ ಬಂದು ಅವಳ ಹೆಬ್ಬೆರಳಿನ ಬುಡವನ್ನು ಗೀರಿತು. ರಕ್ತ ಬಂತು. ನಾನೇ ಬ್ಯಾಂಡೇಜು ಹಾಕಿದೆ. ಹಾಕುವಾಗ ಒಳಗೊಳಗೇ ಸಂತೋಷವಾಗುತ್ತಿತ್ತು.

ಮೇಡಂ ನಿರ್ಧಾರ ಹೇಳಿದಾಗ ಅವಳೇ ಅದನ್ನು ನನಗೆ ಕನ್ನಡದಲ್ಲಿ ಹೇಳಬೇಕಾಯಿತು. ಇದೇ ಪಿಸ್ತೂಲು ತರಿಸುವುದು. ಕ್ಲಬ್ಬಿನ ಬಂದೂಕು ರಿಪೇರಿಯ ಆರ್ಮರರ್ ಕೈಯಲ್ಲಿ ಹ್ಯಾಮರಿನ ಕೊಂಬನ್ನು ತೇಯಿಸಿ ನುಣುಪು ಮಾಡಿಸುವುದು. ಅಬಾಯಾಗಳನ್ನು ಅವಳ ತಂದೆಯ ಅಂಗಡಿಯಲ್ಲಿ ಹೊಲಿಸುವುದು, ಕೈ ಹೋಗಲು ಬದಿಯಲ್ಲಿ ಗುಟ್ಟಿನ ಸೀಳು ಇಟ್ಟು.

“ಮತ್ತೆ,” ಎಂದು ನಿಲ್ಲಿಸಿದಳು.

“ಮತ್ತೆ ಏನು?”

“ಆ ಹೆಂಗಸರಿಗೆ ನಾನು ಕಲಿಸಬೇಕಂತೆ ಅಕ್ಕ. ನೇರವಾಗಿ ಮಾತಾಡುವವಳು ಬೇಕಂತೆ, ನಡುವೆ ಒಬ್ಬರು ಬೇಡ ಅಂತ.”

ನಡುವೆ ಇರುವವಳು ಎಂದರೆ ಅವಳೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ನನ್ನ ಪಿಸ್ತೂಲು ಗೆದ್ದಿತು, ನಾನು ಸೋತೆ. ನನ್ನನ್ನು ಪಕ್ಕದ ಹಾಲಿಗೆ, ಶಾಲೆಯ ಹುಡುಗಿಯರಿಗೆ ಏರ್ ರೈಫಲ್ ಕಲಿಸಲು ಹಾಕಿದರು. ಎರಡು ಹಾಲಿಗೂ ನಡುವೆ ಒಂದು ದಪ್ಪ ಗಾಜು. ಆಚೆ ಅವಳು ಕಪ್ಪು ಅಬಾಯಾದಲ್ಲಿ ಅತ್ತಿತ್ತ ನಡೆಯುವುದು, ಚಪ್ಪಾಳೆ ತಟ್ಟಿ ಅವಸರಪಡಿಸುವುದು, ಆ ಹೆಂಗಸರು ಅವಳ ಮಾತಿಗೆ ನಗುವುದು, ಎಲ್ಲ ಕಾಣುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ಅವಳು ಕಾಲು ಅಗಲಿಸಿ ನಿಲ್ಲುವುದು ನನ್ನ ಹಾಗೆ. ತಪ್ಪು ಮಾಡಿದವರ ಭುಜಕ್ಕೆ ಎರಡು ಬೆರಳಿಂದ ತಟ್ಟುವುದೂ ನನ್ನ ಹಾಗೆ. ನನ್ನ ಬಟ್ಟೆಯನ್ನು ಬೇರೆಯವಳು ತೊಟ್ಟುಕೊಂಡು ಓಡಾಡಿದಂತೆ ಕಾಣುತ್ತಿತ್ತು. ಪಕ್ಕದಲ್ಲಿ ಶಾಲೆಯ ಹುಡುಗಿ “ಮಿಸ್, ಈಸ್ ದಿಸ್ ಕರೆಕ್ಟ್” ಎಂದು ಕೇಳುತ್ತಿದ್ದರೂ ನನ್ನ ಕಣ್ಣು ಗಾಜಿನ ಕಡೆಗೇ.

ಆ ದಿನಗಳಲ್ಲೇ ಒಂದು ಶುಕ್ರವಾರ, ಫೋನ್ ಕಾರ್ಡು ಗೀರಿ ಅಣ್ಣನಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, ಅಪ್ಪನ ಪಿಸ್ತೂಲು ಈಗ ಮತ್ತೆ ಮಾಡುತ್ತಿದ್ದಾರೆ ಎಂದೆ. ನಿನ್ನಲ್ಲಿರುವುದನ್ನು ಜೋಪಾನ ಮಾಡು, ಹಳೆಯದಕ್ಕೆ ಬೆಲೆ ಬಂದಿದೆ ಎಂದೆ.

“ಅದನ್ನು ಕೊಟ್ಟುಬಿಟ್ಟೆನಲ್ಲ,” ಎಂದ ಅಣ್ಣ.

“ಯಾರಿಗೆ?”

“ಒಬ್ಬ ಡೀಲರಿಗೆ. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ ಇಡಬೇಕು, ಲೈಸೆನ್ಸ್ ರಿನ್ಯೂ ಮಾಡಿಸಬೇಕು. ಯಾರು ಓಡಾಡೋದು? ನಿನಗೆ ಬೇಕು ಅಂತ ಒಂದು ಮಾತು ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದೆ.”

ನಾನು ಫೋನು ಇಟ್ಟೆ. ಬೇಕು ಎಂದು ಹೇಳಿರಲಿಲ್ಲ, ನಿಜ. ಹೇಳದೆಯೇ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದೆ.

ಅಣ್ಣನ ಮೇಲಿನ ಸಿಟ್ಟು ಯಾಕೋ ಆ ಹುಡುಗಿಯ ಕಡೆಗೇ ತಿರುಗಿತು. ಅವಳ ಹತ್ತಿರ ಮಾತು ಕಡಿಮೆ ಮಾಡಿದೆ. ಅವಳು ಊಟದ ಡಬ್ಬಿ ತೆಗೆದು “ಅಕ್ಕ, ಉಮ್ಮ ನೀರುದೋಸೆ ಕೊಟ್ಟಿದ್ದಾರೆ” ಎಂದು ಕರೆದರೆ, ಹಸಿವಿಲ್ಲ ಎನ್ನುತ್ತಿದ್ದೆ. ಹಾಗಿರುವಾಗ ಒಂದು ದಿನ ಅವಳೇ ನನ್ನ ಹಾಲಿಗೆ ಬಂದು ನಿಂತಳು. ಮುಖ ಬಾಡಿತ್ತು.

“ಅಕ್ಕ, ಎಲ್ಲರದೂ ಗುಂಡು ಕೆಳಗೆ ಎಡಕ್ಕೇ ಬೀಳ್ತದೆ. ಎಂತ ಹೇಳಿದರೂ ಸರಿಯಾಗುವುದಿಲ್ಲ. ಮೇಡಂ ನಾಡಿದ್ದು ನೋಡಲು ಬರ್ತಾರೆ.”

ಯಾಕೆಂದು ನನಗೆ ನೋಡದೆಯೇ ಗೊತ್ತಿತ್ತು. ಆ ಪಿಸ್ತೂಲಿನ ಟ್ರಿಗರಿನ ಮೊದಲ ಎಳೆತ ಬಿಗಿ; ಕೈ ಅಭ್ಯಾಸವಿಲ್ಲದವರು ಬೆರಳಿನ ಜತೆ ಇಡೀ ಮುಷ್ಟಿಯನ್ನೇ ಬಿಗಿಹಿಡಿಯುತ್ತಾರೆ, ನಳಿಗೆಯ ಮೂತಿ ಕೆಳಗೆ ವಾಲುತ್ತದೆ. “ಈ ಮಕ್ಕಳ ಕ್ಲಾಸು ಮುಗಿಯಲಿ,” ಎಂದೆ. ಅವಳು ಗೋಡೆಗೆ ಒರಗಿ ಕಾದಳು. ನಾನು ಆವತ್ತು ಮಕ್ಕಳಿಗೆ ಬೇಕಾದ್ದಕ್ಕಿಂತ ನಿಧಾನವಾಗಿ ಕಲಿಸಿದೆ.

ಆಮೇಲೆ ಹೋದೆ. ಖಾಲಿ ಪಿಸ್ತೂಲಿನ ನಳಿಗೆಯ ಮೇಲೆ ಒಂದು ನಾಣ್ಯ ನಿಲ್ಲಿಸಿ, ಅದು ಬೀಳದಂತೆ ಟ್ರಿಗರ್ ಎಳೆಯಲು ಒಬ್ಬೊಬ್ಬರಿಗೂ ಹೇಳಿದೆ. ಅವಳು ನನ್ನ ಮಾತನ್ನು ಮೊದಲಿನಂತೆ ದಾಟಿಸುತ್ತಿದ್ದಳು. ಆಗ ಮೊರೊಕ್ಕೊದ ಹೆಂಗಸು ನನ್ನ ಕಡೆ ತೋರಿಸಿ ಅವಳನ್ನು ಏನೋ ಕೇಳಿದಳು. ಅವಳ ಉತ್ತರದಲ್ಲಿ ‘ಉಸ್ತಾಝಾ’ ಎಂಬ ಒಂದು ಪದ ಮಾತ್ರ ನನಗೆ ತಿಳಿಯಿತು: ಗುರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನಗೆ ಹಿತವಾಯಿತು. ಆದರೆ ಮನೆಗೆ ಹೋಗುವ ದಾರಿಯಲ್ಲಿ, ಈ ಗೌರವವೂ ಅವಳು ಕೊಟ್ಟರೆ ಸಿಗುವುದು, ಕೊಡದಿದ್ದರೆ ಇಲ್ಲ ಎಂಬುದು ಹೊಳೆದು ಮತ್ತೆ ಕಹಿಯಾಯಿತು.

ಆ ವಾರವೇ ಅರಬ್ಬಿ ಕಲಿಯಲು ಸೇರಿದೆ. ನಲವತ್ತು ದಾಟಿದ ಮೇಲೆ, ಸಂಜೆಯ ಕ್ಲಾಸಿಗೆ, ಡ್ರೈವರುಗಳು ಮತ್ತು ಸೇಲ್ಸ್‌ಮನ್ನುಗಳ ನಡುವೆ. ಭಾಷೆಯ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ನಿಜ ಅದಲ್ಲ. ಗಂಟಲಿನಾಳದಿಂದ ಬರಬೇಕಾದ ಅಕ್ಷರಗಳನ್ನು ಅಡುಗೆ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದರೆ ಗಂಡ, “ಕೆಮ್ಮು ಬಂತಾ?” ಎನ್ನುತ್ತಿದ್ದರು. ರೇಂಜಿನ ಹೆಂಗಸರ ಹತ್ತಿರ ಹರಕುಮುರುಕಾಗಿ ಮಾತಾಡತೊಡಗಿದೆ. ಅವರು ನಗುತ್ತಿದ್ದರು, ತಿದ್ದುತ್ತಿದ್ದರು, ಸುಡಾನಿನವಳು ಮನೆಯಿಂದ ಖರ್ಜೂರದ ಬಿಸ್ಕತ್ತು ತಂದು ಕೊಡುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಅವರ ಅರ್ಧ ಕ್ಲಾಸುಗಳು ನನ್ನ ಪಾಲಿಗೆ ಬಂದಿದ್ದವು.

ಅಷ್ಟರಲ್ಲಿ ಆ ವ್ಯಾಪಾರಿ ಮತ್ತೆ ಬಂದ. ಈ ಸಲ ತಂದದ್ದು ಪ್ಲಾಸ್ಟಿಕ್ ಮೈಯ, ಹಗುರವಾದ ಹೊಸ ಪಿಸ್ತೂಲು. ಮೇಡಂ ಕೂತಿದ್ದರು, ನಮ್ಮ ಹುಡುಗಿ ಬದಿಯಲ್ಲಿ ನಿಂತಿದ್ದಳು. ಮೇಡಂ ನನ್ನ ಕಡೆ ತಿರುಗಿ, ನಿಧಾನವಾಗಿ, ಬಿಡಿಸಿ ಬಿಡಿಸಿ, ನನಗೇ ಅರಬ್ಬಿಯಲ್ಲಿ ಕೇಳಿದರು. ಹಳೆಯದನ್ನೇ ಇಟ್ಟುಕೊಳ್ಳೋಣವೇ, ಬದಲಿಸೋಣವೇ?

ನಾನು ಕಳೆದ ವರ್ಷವಿಡೀ ಆ ಹೆಂಗಸರ ಕೈಗಳನ್ನು ನೋಡಿದ್ದೆ. ಹೆಬ್ಬೆರಳಿನ ಬುಡದಲ್ಲಿ ಮಾಯದ ಗೀರುಗಳು, ಪ್ಲಾಸ್ಟರು. ಬಿಗಿ ಸ್ಲೈಡನ್ನು ಎಳೆಯಲಾಗದೆ ಜೋರ್ಡಾನಿನವಳು ಮೇಜಿನಂಚಿಗೆ ಒತ್ತಿ ಎಳೆಯುವುದನ್ನೂ ನೋಡಿದ್ದೆ. ನನ್ನ ಕೈಗೆ ಅದು ಚೆಂದ. ಅವರ ಕೈಗೆ ಅಲ್ಲ.

“ಮುಸದ್ದಸ್ ಝೈನ್,” ಎಂದೆ. ಪಿಸ್ತೂಲು ಒಳ್ಳೆಯದು. “ಬಸ್ ಲಾಜಿಮ್ ಈದ್ ಗವಿ.” ಆದರೆ ಕೈ ಗಟ್ಟಿಯಿರಬೇಕು. ಮತ್ತೆ ಉಳಿದದ್ದಕ್ಕೆ ಪದ ಸಿಗದೆ, ಸುಡಾನಿನವಳ ಕೈಯನ್ನೇ ಹಿಡಿದು ಆ ಗೀರನ್ನು ತೋರಿಸಿದೆ. ಬದಲಿಸಿ ಎಂದೆ.

ಮೇಡಂ ತಲೆದೂಗಿದರು. ಖಲಾಸ್ ಎಂದರು. ನಾನು ತಿರುಗಿದಾಗ ಹುಡುಗಿಯ ಮುಖ ಕಂಡಿತು. ಮೊದಲು ಆ ಪಿಸ್ತೂಲು ಬೇಡ ಎಂದಿದ್ದವಳು ಅವಳೇ. ಈ ಒಂದು ವರ್ಷದಲ್ಲಿ ಅದು ಅವಳ ಕೈಗೆ ಕೂತುಬಿಟ್ಟಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ. ಕೆಳದುಟಿ ಕಚ್ಚಿಕೊಂಡು, ನಗುವ ಪ್ರಯತ್ನ ಮಾಡುತ್ತ ಅವಳು ಮೇಡಂ ಅನ್ನೇ ನೋಡುತ್ತಿದ್ದಳು. ನಾನು ಹೇಳಿದ್ದು ನ್ಯಾಯವಾದದ್ದೇ. ಆದರೂ ಆ ಮುಖ ನೋಡಿ ನನಗೆ ಆದ ತೃಪ್ತಿ ನ್ಯಾಯದ ತೃಪ್ತಿಯಾಗಿರಲಿಲ್ಲ.

ಮಧ್ಯಾಹ್ನ ಅವಳ ಕಾರಿನಲ್ಲೇ ಕೂತು ಇಬ್ಬರೂ ಅಲ್ಲಿನ ಗಟ್ಟಿ ಹಾಲಿನ ಕರಕ್ ಚಹಾ ಕುಡಿದೆವು. ಬಹಳ ದಿನದ ಮೇಲೆ.

“ಅಕ್ಕ, ನಿಮಗೆ ಅದೆಂದರೆ ಜೀವ ಅಂತ ಗೊತ್ತುಂಟು. ಹಾಗಿದ್ದೂ ಬೇಡ ಅಂದಿರಲ್ಲ.”

“ನೀನೇ ಹೇಳಿದ್ದಲ್ಲ, ಕಚ್ಚುತ್ತದೆ ಅಂತ.”

“ಈಗ ನನಗೆ ಕಚ್ಚುವುದಿಲ್ಲ,” ಎಂದಳು. ಲೋಟವನ್ನು ತಿರುಗಿಸುತ್ತ, “ಮೇಡಂ ನಿಮ್ಮ ಹತ್ತಿರ ನೇರ ಮಾತಾಡಿದಾಗ ನನಗೆ ಒಂಥರಾ ಆಯ್ತು ಅಕ್ಕ,” ಎಂದಳು. ನಾನು ಉಳಿದ ಚಹಾ ಕುಡಿದು ಮುಗಿಸಿದೆ. ಹೇಳಬಹುದಾಗಿದ್ದದ್ದು ಬಹಳ ಇತ್ತು.

ಹಳೆಯ ಪಿಸ್ತೂಲುಗಳೆಲ್ಲ ವ್ಯಾಪಾರಿಗೆ ವಾಪಸು ಹೋದವು. ಒಂದನ್ನು ಮಾತ್ರ ಕ್ಲಬ್ಬಿನ ಕಪಾಟಿನಲ್ಲಿ ಅವಳ ಹೆಸರಿಗೆ ಉಳಿಸಿಕೊಟ್ಟರು. ಅವಳು ಕೇಳಿ ಪಡೆದಳು. ನನಗೆ ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಮುಂದೆ ಗಂಡನ ಕಂಪನಿಯ ಕೆಲಸ ಮುಗಿದು ನಾವು ಊರಿಗೆ ಹೊರಟೆವು. ರೇಂಜಿನಲ್ಲಿ ನನ್ನ ಕೊನೆಯ ದಿನ, ಆ ಹೆಂಗಸರೆಲ್ಲ ಸೇರಿ ಕೇಕು ತಂದಿದ್ದರು. ಅದೆಲ್ಲ ಮುಗಿದ ಮೇಲೆ ಅವಳು ಕಪಾಟು ತೆರೆದು ತನ್ನ ಪಿಸ್ತೂಲನ್ನು ನನ್ನೆದುರು ಇಟ್ಟಳು.

“ಹೊಡೆಯಿರಿ ಅಕ್ಕ.”

ಹೊಡೆದೆ. ತುಂಬ ಚೆನ್ನಾಗಿ ಬೀಳಲಿಲ್ಲ, ಕಣ್ಣು ಒದ್ದೆಯಾಗಿತ್ತು. ಅವಳು ಗುರಿಯ ಕಾಗದವನ್ನು ಎಳೆದು ತಂದು, ನೋಡಿ, ಮಡಚಿ ನನ್ನ ಬ್ಯಾಗಿಗೆ ಹಾಕಿದಳು. ಪಿಸ್ತೂಲು ಇನ್ನೂ ಬಿಸಿಯಾಗಿತ್ತು. ಖಾಲಿ ಮಾಡಿ, ಪರೀಕ್ಷಿಸಿ, ಹಿಡಿಯನ್ನು ಅವಳ ಕಡೆ ತಿರುಗಿಸಿ ಕೊಟ್ಟೆ. ಅವಳು ಕೈ ಚಾಚಿ ನಿಂತಿದ್ದಳು, ನನ್ನ ಬೆರಳುಗಳು ಸಡಿಲಾಗಲು ಸ್ವಲ್ಪ ಹೊತ್ತು ಹಿಡಿಯಿತು.